ರಜಿನಿಯ ಕೇಬಲ್ಲು

"ಈ ಕಂಪ್ಯೂಟರಿಗೆ ವೈಫೈ ಹಿಡಿಯಂಗಿಲ್ಲ. ಬಾಳ ಹಳೇ ಮಾಲ್ ಇಟ್ಕೊಂಡೀಯಲ್ಲ ನೀನು," ಎಂದ ಬಸವಪ್ರಸಾದ, ಮೇಜಿನ ಕೆಳಗೆ ಮಂಡಿಯೂರಿ.

"ಮಾಲ್ ನಂದಲ್ರಿ, ನಿಮ್ದೇ. ನಾನು ಇವತ್ತೇ ಕೆಲಸಕ್ಕ ಬಂದೀನಿ."

ಅವನು ಥಟ್ಟನೆ ತಲೆಯೆತ್ತಿದ. ಮೇಜು ಹಣೆಗೆ ಬಡಿಯಿತು. ನಗು ತಡೆಯಲು ರಜಿನಿ ದುಪಟ್ಟಾದ ಅಂಚು ಕಚ್ಚಿದಳು. ಹಣೆ ಉಜ್ಜಿಕೊಳ್ಳುವುದನ್ನೂ ಮರೆತು ಅವನು ಆ ತುಟಿಗಳನ್ನೇ ನೋಡಿದ.

ನಾರಾಯಣಪೇಟೆಯ ಆ ಸೀರೆ ವ್ಯಾಪಾರಿಗಳ ಮನೆಗೆ ಹೊಸ ರೌಟರ್ ಬಂದಿತ್ತು. ಮನೆಯ ಮಗ ಬಸವಪ್ರಸಾದನ ಲ್ಯಾಪ್‌ಟಾಪ್ ಕೂಡಲೇ ನೆಟ್ ಹಿಡಿಯಿತು. ಅವನಪ್ಪನ ಕಂಪ್ಯೂಟರಿಗೆ ವೈಫೈ ಹಿಡಿಯುವ ಪುಟ್ಟದೊಂದು ಡಾಂಗಲ್ ಚುಚ್ಚಬೇಕಾಯಿತು. ರಜಿನಿ ಸೀರೆ ಅಂಚಿನ ಡಿಸೈನ್ ಮಾಡುವ ಹಳೆಯ ಡೆಸ್ಕ್‌ಟಾಪ್ ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಹಾಲ್‌ನಿಂದ ಅವಳು ಕೆಲಸ ಮಾಡುವ ಕೋಣೆಯವರೆಗೆ ಗೋಡೆಗುಂಟ ಕೇಬಲ್ ಎಳೆದರು. ಅವನು ಮೊಳೆ ಹೊಡೆದ, ಅವಳು ಕೇಬಲ್ ಹಿಡಿದಳು. ಒಂದು ಮೊಳೆಗೆ ಅಷ್ಟು ಹೊತ್ತು ಹಿಡಿಯಬೇಕಿರಲಿಲ್ಲ.

ಆಮೇಲೆ ದಿನವೂ ಸ್ಪೀಡ್ ನೋಡುವ ನೆಪ.

"ಖರೇ ಹೇಳ್ರಿ. ನೆಟ್ ನೋಡಾಕ ಬರ್ತೀರೋ, ನನ್ನ ನೋಡಾಕೋ?"

"ನೆಟ್ ಚಲೋ ಐತಿ," ಎಂದು ಅವನು ಬಾಗಿಲಿಗೆ ಒರಗಿ ನಿಂತ. "ಮುಂದಿಂದು ನೀನೇ ತಿಳ್ಕೊ."

ಸಂಕ್ರಾಂತಿಯ ಹೊತ್ತಿಗೆ ಅವನು ಅವಳ ಕೈ ಹಿಡಿದು ಹೇಳಿದ್ದ: "ಯುಗಾದಿ ಆಗಲಿ, ಅವ್ವಗ ಹೇಳ್ತೀನಿ. ಮದುವಿ ಆದ್ರ ನಿನ್ನೇ."

ರಜಿನಿ ನಂಬಿದಳು. ಗದ್ವಾಲ್‌ನಲ್ಲಿ ಅವಳಪ್ಪ ಬಾಲರಾಜ ಇದೇ ಮನೆಯವರು ಕೊಟ್ಟ ನೂಲಿನಲ್ಲಿ ಅವರಿಗೇ ಸೀರೆ ನೇಯುತ್ತಿದ್ದ. ಅಪ್ಪನ ಮುಂದೆಯೂ ಅವಳು ಬಾಯಿ ಬಿಡಲಿಲ್ಲ.

ಯುಗಾದಿ ಕಳೆಯಿತು. ಒಂದು ಭಾನುವಾರ ಅವನ ತಾಯಿ ವೀರಬಸಮ್ಮ ಅವಳನ್ನು ಹಾಲ್‌ಗೆ ಕರೆದಳು. ಟೀವಿಯಲ್ಲಿ ವಿಡಿಯೋ ಕಾಲ್ ತಡೆತಡೆದು ನಿಲ್ಲುತ್ತಿತ್ತು.

"ನಿನ್ನ ಕೇಬಲ್ ಕಿತ್ತು ಟೀವಿಗೆ ಹಾಕು," ಎಂದ ಬಸವಪ್ರಸಾದ, ಅವಳ ಮುಖ ನೋಡದೆ. "ಮಕ್ತಲ್‌ದವರು ಲೈನ್‌ನಾಗ ಅದಾರ. ಹುಡುಗಿ ಕಡೇವ್ರು."

"ಯಾರಿಗೆ ಹುಡುಗಿ ರೀ?"

"ಜಲ್ದಿ ಮಾಡು."

ಅವಳು ಕೇಬಲ್ ತಂದು ಹಾಕಿದಳು. ಹಳದಿ ಸೀರೆಯುಟ್ಟ ಆ ಹುಡುಗಿ, ಐಶ್ವರ್ಯ, ತೆರೆಯ ಮೇಲೆ ಸ್ಪಷ್ಟವಾಗಿ ಮೂಡಿದಳು.

"ಅಲ್ಲಿ ನಿಂತಾಕಿ ಯಾರ್ರಿ?" ಎಂದು ಅವಳು ಕೇಳಿದಳು.

"ಆಕಿನಾ?" ಬಸವಪ್ರಸಾದ ನಕ್ಕ. "ಕೂಲಿಗೆ ಬರ್ತಾಳ. ಲೆಕ್ಕಕ್ಕ ಇಲ್ಲ."

ಐಶ್ವರ್ಯಳಿಗೆ ಆ ನಗು ಹಿಡಿಸಿದಂತೆ ಕಾಣಲಿಲ್ಲ. ಅವಳು ರಜಿನಿಯನ್ನೇ ಕೇಳಿದಳು: "ಅಕ್ಕಾ, ದಿನಾ ನೋಡ್ತೀರಿ, ನೀವೇ ಹೇಳ್ರಿ. ಇವ್ರು ಆಡಿದ ಮಾತಿಗೆ ನಿಲ್ಲೋರೇನು?"

ಆಗ ಮಾತ್ರ ಅವನು ರಜಿನಿಯ ಕಡೆ ನೋಡಿದ. ಕಣ್ಣಿನಲ್ಲೇ ಅಂಗಲಾಚಿದ.

"ಮದುವಿ ಆಗ್ತೀನಿ ಅಂತ ನನಗೂ ಮಾತು ಕೊಟ್ಟಿದ್ರಮ್ಮ," ಎಂದಳು ರಜಿನಿ. "ನೀವೇ ತಿಳ್ಕೊಳ್ರಿ."

ಮಕ್ತಲ್‌ನವರು ಕರೆ ಕಟ್ ಮಾಡಿದರು. ವೀರಬಸಮ್ಮನ ಕೈ ರಜಿನಿಯ ಕೆನ್ನೆಗೆ ಅಪ್ಪಳಿಸಿತು. "ನಿಮ್ಮಪ್ಪಗ ಹೇಳು, ಇನ್ನ ಮ್ಯಾಲೆ ನಮ್ಮ ನೂಲು ಅವನ ಮಗ್ಗ ಮುಟ್ಟಂಗಿಲ್ಲ!"

ಬಸವಪ್ರಸಾದ ರಿಮೋಟ್ ಎತ್ತಿಕೊಂಡು ಟೀವಿ ಆರಿಸಿದ.

ಸಂಜೆ ಅವಳು ಊರಿನ ಬಸ್ಸಿಗೆ ಕಾಯುತ್ತಿದ್ದಾಗ ಬಸ್ ಸ್ಟ್ಯಾಂಡಿಗೆ ಅವನು ಓಡಿಬಂದ. "ಅವ್ರು ಒಲ್ಲೆ ಅಂದ್ರು, ರಜಿನಿ. ಈಗ ಯಾರ ಅಡ್ಡಿನೂ ಇಲ್ಲ. ನಿನ್ನೇ ಮಾಡ್ಕೊತೀನಿ, ಬಾ."

ಅವಳ ಎದೆ ಕುಣಿಯಿತು. ಅದು ಕುಣಿದದ್ದಕ್ಕೆ ಅವಳಿಗೇ ಅಸಹ್ಯವಾಯಿತು.

"ನಿಮ್ಮವ್ವ ಹೊಡೆದಾಗ ಎಲ್ಲಿದ್ರಿ?"

"ಅಲ್ಲೇ ಇದ್ನಲ್ಲ..."

"ಹೌದ್ರಿ. ಅಲ್ಲೇ ಇದ್ರಿ."

ಗದ್ವಾಲ್ ಬಸ್ಸು ಬಂತು. ಅವಳು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು. "ನಿಮ್ಮ ಮ್ಯಾಲೆ ಇನ್ನೂ ಜೀವ ಐತ್ರಿ. ನಿಂತ್ರ ಕರಗಿ ಹೋಗ್ತೀನಿ, ಅದಕ್ಕ ಹೊಂಟೀನಿ."

ದಾರಿಯಲ್ಲಿ ಐಶ್ವರ್ಯಳ ಊರು ಮಕ್ತಲ್ ದಾಟುವವರೆಗೂ ಅವಳು ಮನಸ್ಸಿನಲ್ಲೇ ಅವನನ್ನು ಬೈದಳು. ಮಕ್ತಲ್ ದಾಟಿದ ಮೇಲೆ ಅತ್ತಳು.