ಸೋಮವಾರ ಕೊಯ್ದ ಬಿಲ್ವ

ನನ್ನ ತಮ್ಮ ಸೋಮಲಿಂಗಪ್ಪ ತೀರಿಕೊಂಡ ಸುದ್ದಿ ಸೋಮವಾರ ಬೆಳಗ್ಗೆ ಆರು ಮುಕ್ಕಾಲಿಗೆ ಬಂತು. ತಿಲಕ್ ನಗರದ ಮನೆಯಲ್ಲಿ ನಾನು ಆಗಷ್ಟೇ ಸ್ನಾನ ಮುಗಿಸಿ ವಿಭೂತಿ ಇಟ್ಟುಕೊಳ್ಳುತ್ತಿದ್ದೆ. ಫೋನ್ ಮಾಡಿದವರು ಅವನ ಪಕ್ಕದ ಮನೆಯ ಮುನಿವೆಂಕಟಮ್ಮ.

"ಟೀಚರಮ್ಮ, ಬೇಗ ಬನ್ನಿ. ಸೋಮಣ್ಣೋರು ಮೇಲಿಂದ ಬಿದ್ದವ್ರೆ."

"ಉಸಿರಿದೆಯಾ?"

ಅವರು ಅಳುತ್ತಾ ಫೋನ್ ಇಟ್ಟರು.

ಆಟೊ ಹಿಡಿದು ಚಿಕ್ಕಲಸಂದ್ರಕ್ಕೆ ಹೋದೆ. ಎರಡು ಮನೆಗಳ ನಡುವಿನ ಸಂದಿಯಲ್ಲಿ ಸೋಮ ಮಲಗಿದ್ದ. ಪಕ್ಕದಲ್ಲಿ ಹೂವಿನ ಬುಟ್ಟಿ. ಸುತ್ತಲೂ ಬಿಲ್ವದ ಕಡ್ಡಿಗಳು. ಮೇಲೆ ತಾರಸಿಯ ಅಂಚಿನಲ್ಲಿ ಸಿಮೆಂಟ್ ತೊಟ್ಟಿ, ಅದರಲ್ಲಿ ಬಿಲ್ವದ ಗಿಡ, ಅದರ ಬುಡದಲ್ಲಿ ಒಂದು ಸ್ಟೂಲು.

ಸಬ್ ಇನ್‌ಸ್ಪೆಕ್ಟರ್ ಬಿಂದುಶ್ರೀ ಬಂದಿದ್ದರು. ಮೂವತ್ತೈದರ ಒಳಗಿನ ಹೆಣ್ಣುಮಗಳು. ಮಾತು ಕಡಿಮೆ, ನೋಟ ಹೆಚ್ಚು.

"ಇವರು ಒಬ್ಬರೇ ಇದ್ದರಾ ಅಮ್ಮ?"

"ಮದುವೆಯಾಗಲಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಉಪಕರಣ ರಿಪೇರಿ ಮಾಡುತ್ತಿದ್ದ. ನಿವೃತ್ತನಾದ ಮೇಲೆ ತಾರಸಿಯೇ ಪ್ರಯೋಗಶಾಲೆ."

"ಏನು ಪ್ರಯೋಗ?"

"ಗಿಡಗಳ ಸದ್ದು ಕೇಳುತ್ತಿದ್ದ."

ಅವರು ನನ್ನ ಮುಖ ನೋಡಿದರು. ದುಃಖದಲ್ಲಿ ಏನೋ ಹೇಳುತ್ತಿದ್ದೇನೆ ಎಂದುಕೊಂಡಿರಬೇಕು.

ಎಂಟೂವರೆಗೆ ಸಿದ್ಧಾರ್ಥ ಬಂದ. ಜಯನಗರದಲ್ಲಿ ರೂಮು ಮಾಡಿಕೊಂಡಿದ್ದ ಸಂಶೋಧನಾ ವಿದ್ಯಾರ್ಥಿ. ಎರಡು ವರ್ಷದಿಂದ ಪ್ರತಿ ಸೋಮವಾರ ಬಂದು, ಪ್ರಯೋಗದ ಗಿಡಗಳ ಕಾಂಡ ಕತ್ತರಿಸಿಕೊಟ್ಟು, ಸೋಮನ ಯಂತ್ರಗಳಲ್ಲಿ ದಾಖಲಾದದ್ದನ್ನು ತೆಗೆದುಕೊಂಡು ಹೋಗುತ್ತಿದ್ದ. ಸಂದಿಯನ್ನು ನೋಡಿ ಗೋಡೆಗೆ ಒರಗಿಬಿಟ್ಟ.

"ಸೋಮವಾರ ಶಿವನಿಗೆ ಫ್ರೆಶ್ ಆಗಿ ಬಿಲ್ವ ಬೇಕು ಅಂತ ಬೆಳಗ್ಗೆನೇ ಕೀಳೋಕೆ ಹೋಗಿದ್ದಾರೆ ಮೇಡಂ. ಆ ಸ್ಟೂಲ್ ಹತ್ತಬೇಡಿ ಸರ್ ಅಂತ ಎಷ್ಟು ಸಲ ಹೇಳಿದ್ದೆ."

"ಆಕ್ಸಿಡೆಂಟ್ ಥರಾನೇ ಕಾಣ್ತಿದೆ," ಎಂದರು ಬಿಂದುಶ್ರೀ.

ನಾನು ದೇವರ ಕೋಣೆಗೆ ಹೋದೆ. ಹಿತ್ತಾಳೆ ತಟ್ಟೆಯಲ್ಲಿ ಒದ್ದೆ ಬಟ್ಟೆಯ ಗಂಟೊಂದು ಇತ್ತು. ಬಿಚ್ಚಿದೆ. ಒಳಗೆ ಒಂದೊಂದಾಗಿ ಬಿಡಿಸಿದ ಬಿಲ್ವಪತ್ರೆ, ಎಲ್ಲವೂ ಮೂರೆಲೆಯವು, ಜೋಡಿಸಿ ಇಟ್ಟಂತೆ.

ಹೊರಗೆ ಬಂದು ಹೇಳಿದೆ: "ಇದು ಆಕ್ಸಿಡೆಂಟ್ ಅಲ್ಲಮ್ಮ. ನಮ್ಮ ಮನೆಯಲ್ಲಿ ಸೋಮವಾರ ಬಿಲ್ವದ ಗಿಡ ಮುಟ್ಟುವುದಿಲ್ಲ. ಅವತ್ತಿನ ಪೂಜೆಗೆ ಭಾನುವಾರವೇ ಬಿಡಿಸಿ ಒದ್ದೆ ಬಟ್ಟೆಯಲ್ಲಿ ಇಡುತ್ತೇವೆ. ಐವತ್ತು ವರ್ಷ ಅವನು ಈ ನಿಯಮ ತಪ್ಪಿಸಿಲ್ಲ. ಇಗೋ ನೋಡಿ."

ಬಿಂದುಶ್ರೀ ತಟ್ಟೆಯನ್ನು ನೋಡಿದರು. ನೋಟ್‌ಬುಕ್ಕಿನಲ್ಲಿ ಬರೆದದ್ದರ ಮೇಲೆ ಗೀಟು ಎಳೆದರು.

* * *

ನನ್ನ ಆ ಮಾತು ಮರುದಿನವೇ ಇನ್ನೊಂದು ಮನೆಗೆ ಬೆಂಕಿಯಾಯಿತು.

ಸೋಮನ ಕೈಯಲ್ಲಿ ನಾಡಿ ಎಣಿಸುವ ಪಟ್ಟಿ ಇತ್ತು. ಪೊಲೀಸರು ಅದರಲ್ಲಿ ದಾಖಲಾದದ್ದನ್ನು ತೆಗೆಸಿ ನೋಡಿದರು. ಐದು ಐವತ್ತೆರಡಕ್ಕೆ ನಾಡಿ ನಿಂತಿತ್ತು. ಆ ಹೊತ್ತಿಗೆ ಬೀದಿಯಲ್ಲಿ ಎದ್ದಿದ್ದವನು ಒಬ್ಬನೇ, ಮುನಿವೆಂಕಟಮ್ಮನ ಮಗ ಕೆಂಪರಾಜು. ಐದೂವರೆಗೆ ಬೋರ್‌ವೆಲ್ ಮೋಟರ್ ಹಾಕಿದ್ದ. ಎರಡೂ ತಾರಸಿಗಳ ನಡುವೆ ಇರುವುದು ಮೂರಡಿ ಜಾಗ. ಶನಿವಾರವಷ್ಟೇ ಆ ಮೋಟರ್ ಸದ್ದಿಗೆ ಸೋಮನೂ ಅವನೂ ಬೀದಿಯಲ್ಲಿ ನಿಂತು ಜಗಳವಾಡಿದ್ದರು. "ನಿನ್ನನ್ನೂ ನಿನ್ನ ಗಿಡಾನೂ ಕೆಳಗೆ ಎಸೀತೀನಿ" ಎಂದು ಅವನು ಕೂಗಿದ್ದನ್ನು ಹತ್ತು ಮನೆಯವರು ಕೇಳಿದ್ದರು. ಮಂಗಳವಾರ ಬೆಳಗ್ಗೆ ಅವನನ್ನು ಠಾಣೆಗೆ ಕರೆದೊಯ್ದರು.

ಮಧ್ಯಾಹ್ನ ಮುನಿವೆಂಕಟಮ್ಮ ಸೋಮನ ಮನೆಗೆ ಬಂದು ನೆಲದ ಮೇಲೆ ಕುಳಿತರು.

"ನಾಳೆ ಕೋರ್ಟಿಗೆ ಕರ್ಕೊಂಡೋಗ್ತಾರಂತೆ. ನಮ್ಮ ರಾಜುಗೆ ಬಾಯಿ ದೊಡ್ಡದು ಟೀಚರಮ್ಮ, ಕೈ ಅಲ್ಲ. ಜಗಳ ಆಡಿದ ಸಂಜೆಗೇ 'ಸೋಮಣ್ಣಂಗೆ ಕೊಡವ್ವ' ಅಂತ ಸಾರು ಕಳಿಸಿದ್ದ."

"ಸೋಮ ಉಂಡನಾ?"

"ಉಂಡು ಪಾತ್ರೆ ತೊಳೆದು ಕೊಟ್ರು. ಉಪ್ಪು ಕಮ್ಮಿ ಅಂತ ಹೇಳಿಯೂ ಕಳಿಸಿದ್ರು."

ನಾನು ನುಡಿದ ಸತ್ಯದಿಂದ ನಿರಪರಾಧಿಯೊಬ್ಬ ಜೈಲಿಗೆ ಹೋದರೆ ನಾನು ಯಾವ ಮುಖದಿಂದ ಶಿವನ ಎದುರು ಕೂರಲಿ? ಅವರು ಹೋದ ಮೇಲೆ ತಂಬಿಗೆಯಲ್ಲಿ ನೀರು ತೆಗೆದುಕೊಂಡು ತಾರಸಿಗೆ ಹೋದೆ. ಗಿಡಗಳು ಬಾಡಿದ್ದವು.

ಬಿಲ್ವದ ಕೊಂಬೆಗಳನ್ನು ಹತ್ತಿರದಿಂದ ನೋಡಿದೆ. ಕೈಯಿಂದ ಮುರಿದದ್ದಲ್ಲ. ಓರೆಯಾಗಿ, ನುಣ್ಣಗೆ ಕತ್ತರಿಸಿದ್ದು. ಪತ್ರೆಗೆ ಎಲೆ ಬಿಡಿಸುತ್ತೇವೆ, ಕಡ್ಡಿ ಕತ್ತರಿಸುವುದಿಲ್ಲ, ಕಬ್ಬಿಣವನ್ನಂತೂ ಮುಟ್ಟಿಸುವುದಿಲ್ಲ. ಆದರೆ ಆಚೆ ಸಾಲಿನ ಟೊಮೆಟೊ ಗಿಡಗಳಲ್ಲಿ ಪ್ರಯೋಗಕ್ಕೆಂದು ಕತ್ತರಿಸಿದ ಕಾಂಡಗಳಿದ್ದವು. ಅವೂ ಓರೆ. ಅವೂ ನುಣುಪು.

ನೀರು ಹಾಕಲು ಬಗ್ಗಿದಾಗ ಕೆಳಗಿನ ಕೊಂಬೆಯ ಒಳಗೆ ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದು ಕಂಡಿತು. ಭಾನುವಾರ ಸೋಮ ಫೋನಿನಲ್ಲಿ ಹೇಳಿದ್ದ: "ಅಕ್ಕ, ಪತ್ರೆ ಬಿಡಿಸುವಾಗ ಬಿಲ್ವ ಏನನ್ನುತ್ತೋ ಕೇಳಬೇಕು. ಇವತ್ತು ಅದಕ್ಕೂ ಒಂದು ಮೈಕ್ ಕಟ್ಟಿದೆ."

ಬಿಂದುಶ್ರೀಗೆ ಫೋನ್ ಮಾಡಿದೆ.

* * *

ಬುಧವಾರ ಬೆಳಗ್ಗೆ ಅವರು ಸಿದ್ಧಾರ್ಥನನ್ನು ತಾರಸಿಗೆ ಕರೆಸಿದರು. ಮೇಜಿನ ಮೇಲೆ ಸೋಮನ ಲ್ಯಾಪ್‌ಟಾಪ್ ಇತ್ತು.

"ನಮಗೆ ಇದೆಲ್ಲ ಗೊತ್ತಿಲ್ಲ. ಮೊದಲಿಂದ ಹೇಳಿಕೊಡಿ," ಎಂದರು ಬಿಂದುಶ್ರೀ.

ಅವನು ಚೆನ್ನಾಗಿಯೇ ಹೇಳಿದ. ಕೆಲವು ವರ್ಷಗಳ ಹಿಂದೆ ಹೊರದೇಶದ ವಿಜ್ಞಾನಿಗಳು ಟೊಮೆಟೊ ಮತ್ತು ಹೊಗೆಸೊಪ್ಪಿನ ಗಿಡಗಳ ಮುಂದೆ ಮೈಕ್ ಇಟ್ಟರಂತೆ. ನೀರಿಲ್ಲದ ಗಿಡ, ಕಾಂಡ ಕತ್ತರಿಸಿದ ಗಿಡ ಗಂಟೆಗೆ ಹತ್ತಾರು ಸಲ ಚಟಚಟ ಎನ್ನುತ್ತದೆ. ಸುಖವಾಗಿರುವ ಗಿಡ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ನೀರು ಏರುವ ಸಣ್ಣ ನಾಳಗಳಲ್ಲಿ ಗುಳ್ಳೆ ಒಡೆಯುವುದರಿಂದ ಆ ಸದ್ದು ಬರುತ್ತಿರಬಹುದು. ಅದು ನಮ್ಮ ಕಿವಿಗೆ ಎಟುಕದಷ್ಟು ಎತ್ತರದ ಸ್ವರ. ಒಂದು ಜಾತಿಯ ಪತಂಗ ಅದನ್ನು ಕೇಳಿಸಿಕೊಂಡು, ಸುಮ್ಮನಿರುವ ಗಿಡ ಹುಡುಕಿ ಮೊಟ್ಟೆ ಇಡುತ್ತದೆಂದು ಈಚೆಗೆ ಕಂಡಿದ್ದಾರೆ.

"ಹಾಗಾದ್ರೆ ಇದ್ರಲ್ಲಿ ನಮ್ಮ ಮಾತೂ ಸಿಗುತ್ತಾ?"

"ಇಲ್ಲ ಮೇಡಂ. ಕೆಳಸ್ವರದ ಸದ್ದೆಲ್ಲ ಸೋಸಿ ಹೋಗುತ್ತೆ. ಬರೀ ಗಿಡದ್ದು ಉಳಿಯುತ್ತೆ."

"ಸರಿ. ಇದನ್ನ ನಮ್ಮ ಕಿವಿಗೆ ಕೇಳೋ ಹಾಗೆ ಮಾಡಿ ಹಾಕಿ."

ಬಿಂದುಶ್ರೀ ಕೊಟ್ಟ ಮೆಮೊರಿ ಕಾರ್ಡನ್ನು ಅವನು ಲ್ಯಾಪ್‌ಟಾಪಿಗೆ ಹಾಕಿದ. ಬಾಣಲೆಯಲ್ಲಿ ಅರಳು ಸಿಡಿಯುವಂಥ ಸದ್ದು ಬಂತು. ಒಂದು. ಸ್ವಲ್ಪ ತಡೆದು ಇನ್ನೆರಡು. ಆಮೇಲೆ ಬಿಡದೆ. ಎಪ್ಪತ್ತು ವರ್ಷ ಗಿಡಗಳ ನಡುವೆ ಬದುಕಿದ್ದೇನೆ. ಅವು ಮೂಕ ಎಂದು ಮಕ್ಕಳಿಗೆ ಪಾಠ ಮಾಡಿದ್ದೇನೆ. ಸೃಷ್ಟಿ ಇಷ್ಟು ದಿನ ನನ್ನ ಪಕ್ಕದಲ್ಲೇ ಸದ್ದು ಮಾಡುತ್ತಿತ್ತು. ಕಿವಿ ಸಾಲದೆ ಹೋದದ್ದು ನನಗೆ. ಅರಿಯದೆ ಕೈ ಮುಗಿದೆ.

"ಗಿಡಕ್ಕೆ ಏನಾಗಿದೆ ಇಲ್ಲಿ?" ಬಿಂದುಶ್ರೀ ಕೇಳಿದರು.

"ಕಾಂಡ ಕಟ್ ಆಗಿದೆ."

"ಎಷ್ಟು ಗಂಟೆಗೆ ಶುರು?"

ಅವನು ಪರದೆ ನೋಡಿದ. ಮೇಲಕ್ಕೂ ಕೆಳಕ್ಕೂ ಸರಿಸಿದ.

"ಓದಿ."

"ಸೋಮವಾರ... ಆರು ನಾಲ್ಕು." ಅವನು ತೊಟ್ಟಿಯ ಕಡೆ ತಿರುಗಿದ. "ಈ ಗಿಡಕ್ಕೆ ಮೈಕ್ ಇರ್ಲಿಲ್ಲವಲ್ಲ."

"ಯಾವಾಗ ಇರ್ಲಿಲ್ಲ? ನೀವು ಕತ್ತರಿಸುವಾಗಲಾ?"

ಪಕ್ಕದ ತಾರಸಿಯಲ್ಲಿ ಮುನಿವೆಂಕಟಮ್ಮ ಒಗೆದ ಬಟ್ಟೆ ಹಿಡಿದು ನಿಂತುಬಿಟ್ಟಿದ್ದರು.

"ಐದು ಐವತ್ತೆರಡಕ್ಕೆ ಸೋಮಲಿಂಗಪ್ಪನವರ ನಾಡಿ ನಿಂತಿತು," ಎಂದರು ಬಿಂದುಶ್ರೀ. "ಹನ್ನೆರಡು ನಿಮಿಷ ಆದ್ಮೇಲೆ ಯಾರೋ ಬಿಲ್ವ ಕತ್ತರಿಸಿದ್ರು. ಸತ್ತವರು ಎದ್ದು ಬಂದು ಪತ್ರೆ ಕೊಯ್ಯಲ್ಲ. ಸೋಮವಾರ ಕಿತ್ತರೆ ಭಕ್ತಿ ಥರ ಕಾಣುತ್ತೆ ಅಂದುಕೊಂಡವರು ಈ ಮನೆ ನಿಯಮ ತಿಳಿಯದವರು. ಕೆಂಪರಾಜು ಆಗಿದ್ರೆ ಕೈಗೆ ಸಿಕ್ಕಿದ್ದು ಮುರಿದು ಎಸೀತಿದ್ದ. ನಿಮ್ಮ ಕೈ ಎರಡು ವರ್ಷದಿಂದ ಒಂದೇ ಥರ ಕತ್ತರಿಸಿ ರೂಢಿ, ಓರೆಯಾಗಿ, ಲ್ಯಾಬ್ ಬ್ಲೇಡಲ್ಲಿ. ಟೊಮೆಟೊ ಹತ್ತಿರದ ಮೈಕಿಂದ ಕಾರ್ಡ್ ಕಾಣೆಯಾಗಿದೆ. ಬಿಲ್ವ ಕತ್ತರಿಸಿದ ಸದ್ದು ಅದರಲ್ಲಿ ಸಿಗಬಹುದು ಅಂತ ಗೊತ್ತಿರೋವ್ರು ಎಷ್ಟು ಜನ? ಆ ಕಾರ್ಡು, ಸೋಮಲಿಂಗಪ್ಪನವರು ದಿನದಿನದ ಸದ್ದು ಬರೆದಿಡ್ತಿದ್ದ ನೋಟ್‌ಬುಕ್ಕು, ಎರಡೂ ಈಗಷ್ಟೇ ನಿಮ್ಮ ರೂಮಲ್ಲಿ ಸಿಕ್ಕವು."

ಅವನು ಲ್ಯಾಪ್‌ಟಾಪ್ ಮುಚ್ಚಿದ.

"ತಳ್ಳಬೇಕು ಅಂತ ಬಂದಿರ್ಲಿಲ್ಲ ಆಂಟಿ," ಎಂದ ನನ್ನ ಕಡೆ ನೋಡಿ. "ಒಂದು ದಿನದ ಸದ್ದನ್ನೇ ಕಾಪಿ ಮಾಡಿ ಬೇರೆ ಹದಿನಾರು ದಿನಕ್ಕೆ ಹಾಕಿದ್ದೆ. ಪ್ರಬಂಧ ಅಚ್ಚಾಗಿಬಿಟ್ಟಿತ್ತು. ಸರ್ ಕಂಡುಹಿಡಿದ್ರು. 'ಸೋಮವಾರದೊಳಗೆ ನೀನೇ ಪತ್ರಿಕೆಗೆ ತಪ್ಪೊಪ್ಪಿಕೊಂಡು ಬರಿ, ಇಲ್ಲದಿದ್ರೆ ನಾನು ಬರೀತೀನಿ' ಅಂದ್ರು. ಬೆಳಗ್ಗೆ ಬಂದು ಕಾಲು ಹಿಡಿದೆ. ಒಪ್ಪಲಿಲ್ಲ. ನೋಟ್‌ಬುಕ್ ಕಿತ್ಕೊಳ್ಳೋಕೆ ಹೋದೆ. ಅವರು ಅಂಚಿನಲ್ಲಿದ್ರು."

"ಬಿದ್ದ ಮೇಲೆ ಕೆಳಗೆ ಹೋಗಿ ನೋಡಿದೆಯಾ?" ಎಂದು ಕೇಳಿದೆ.

"ಇಲ್ಲ."

"ಮೇಲೆಯೇ ನಿಂತು ಬಿಲ್ವ ಕತ್ತರಿಸಿ ಎಸೆದೆ ನೀನು."

ಬಿಂದುಶ್ರೀ ಅವನನ್ನು ಕೆಳಗೆ ಕರೆದೊಯ್ದರು.

* * *

ಸಂಜೆ ಸೋಮನ ದೇಹವನ್ನು ಕೊಟ್ಟರು. ಠಾಣೆಯಿಂದ ಬಿಟ್ಟ ಕೆಂಪರಾಜು ಮನೆಗೂ ಹೋಗದೆ ನೇರ ರುದ್ರಭೂಮಿಗೆ ಬಂದ. ಎರಡು ದಿನದ ಗಡ್ಡ, ಕೆಂಪು ಕಣ್ಣು.

"ನನ್ನಿಂದ ನಿನಗೆ ತೊಂದರೆಯಾಯಿತಪ್ಪ," ಎಂದೆ.

"ಬಿಡಿ ಟೀಚರಮ್ಮ. ಅವರಿದ್ದಿದ್ರೆ ನನ್ನನ್ನ ಬಿಡಿಸೋಕೆ ಅವರೇ ಬಂದು ಇನ್‌ಸ್ಪೆಕ್ಟರ್ ಹತ್ರ ಜಗಳ ಆಡ್ತಿದ್ರು," ಎಂದವನೇ ಹೆಗಲು ಕೊಡಲು ಮುಂದೆ ಹೋದ.

ಸೋಮನನ್ನು ಕೂರಿಸಿ, ವಿಭೂತಿ ಇಟ್ಟು, ಕೈಯಲ್ಲಿ ಲಿಂಗವಿರಿಸಿ ಮಣ್ಣು ಕೊಟ್ಟೆವು. ನನ್ನ ಪಾಲಿನ ಹಿಡಿ ಮಣ್ಣು ಹಾಕಿ ಕಣ್ಣು ಮುಚ್ಚಿದೆ.

ಶಿವನೇ, ನನಗಿಂತ ಎಂಟು ವರ್ಷ ಚಿಕ್ಕವನು. ನಡೆಯುವುದನ್ನು ನಾನೇ ಕಲಿಸಿದೆ. ಸುಳ್ಳನ್ನು ಸಹಿಸಲಾರದೆ ಹೋದ, ಅದೊಂದೇ ಅವನ ಅಪರಾಧ. ನೀನು ಮಾಡಿಟ್ಟ ಲೋಕವನ್ನು ದೊಡ್ಡ ಕುತೂಹಲದಿಂದ ನೋಡಿದವನು. ಇನ್ನು ನಿನ್ನನ್ನೇ ನೋಡಲಿ. ತಪ್ಪು ಮಾಡಿದ ಆ ಮಗನ ತಾಯಿಗೂ ತಡೆದುಕೊಳ್ಳುವ ಶಕ್ತಿ ಕೊಡು. ನನ್ನ ತಮ್ಮನ ಜೀವಕ್ಕೆ ನಿನ್ನ ಪಾದದಲ್ಲಿ ಶಾಂತಿ ಕೊಡು.