ಸರದಾರನ ಕಿವಿ

೧೯೮೪ರ ಮಾರ್ಚ್ ೧೨, ಸೋಮವಾರ ಬೆಳಿಗ್ಗೆ. ಔಷಧಿ ಅಂಗಡಿಯ ರಾಘಣ್ಣ ಹಿರೇಕೆರೂರು ಠಾಣೆಗೆ ದೂರು ತಂದರು. ಹಿತ್ತಲ ಕಿಟಕಿಯ ಸರಳು ಬಗ್ಗಿಸಿ ಯಾರೋ ಒಳಗೆ ನುಗ್ಗಿದ್ದರು.

"ಏನ್ ಹೋಗೇತಿ?"

"ಗಲ್ಲೆದ ರೊಕ್ಕ ಮುಟ್ಟಿಲ್ರಿ. ನಿದ್ದಿ ಬರಲಾರದಂಗ ಮಾಡೋ ಗುಳಿಗಿ ಡಬ್ಬಿ ಅಷ್ಟ ಇಲ್ಲ."

"ಯಾರು ತಗೋತಾರ ಅವನ್ನ?"

"ಲಾರಿ ಹೊಡಿಯೋರು."

ಸಬ್ ಇನ್‌ಸ್ಪೆಕ್ಟರ್ ಅನಂತ ಎಫ್‌ಐಆರ್ ಬರೆಸಿ, ಚಹಾ ಆರಲು ಬಿಟ್ಟು ಹೊರಟ. ಅಂಡು ಸುಟ್ಟ ಬೆಕ್ಕಿನಂತೆ ಅಲೆಯುವುದು ಅವನ ಸ್ವಭಾವ. ಮಧ್ಯಾಹ್ನದವರೆಗೆ ಹತ್ತಿ ಲಾರಿಯ ಚಾಲಕರನ್ನೆಲ್ಲ ಗದರಿಸಿದ. ಗಂಟಲು ಕಟ್ಟಿತೇ ಹೊರತು ಕಳ್ಳ ಸಿಗಲಿಲ್ಲ.

ಪಂಚನಾಮೆಗೆ ಹಿತ್ತಲಿಗೆ ಬಂದಾಗ ಅಗಸೆ ಬಾಗಿಲಿಗೆ ಕಟ್ಟಿದ್ದ ಹಗ್ಗ ಕಣ್ಣಿಗೆ ಬಿತ್ತು.

"ಇದನ್ನ ನೀವು ಕಟ್ಟೀರೇನು?"

"ಇಲ್ರಿ. ನಮ್ಮ ಹಗ್ಗ ಹರದು ವಾರ ಆತು."

ಒಳಗಿನ ತರಕಾರಿ ಮಡಿಗೆ ದನ ನುಗ್ಗಬಾರದೆಂದು ಕಳ್ಳನೇ ಹೋಗುವಾಗ ಅಗಸೆ ಕಟ್ಟಿದ್ದ. ಕಾನ್‌ಸ್ಟೇಬಲ್ ಗೋಣೆಪ್ಪ ನಕ್ಕ. "ಕಳವು ಮಾಡಿದ್ರೂ ಒಕ್ಕಲತನ ಬಿಡಲಿಲ್ಲ ನೋಡ್ರಿ."

ಕೆಂಪು ಹಸಿರು ಹೆಣೆದ, ಗೊಂಡೆ ಬಿಟ್ಟ ಹಗ್ಗ. ಹೋರಿ ಹಬ್ಬದಲ್ಲಿ ಕೊಬ್ಬರಿ ಹಾರ ಹಾಕಿ ಓಡಿಸುವ ಹೋರಿಗಳಿಗೆ ಮಾತ್ರ ಅದನ್ನು ಕಟ್ಟುತ್ತಾರೆ. ಅಂಥ ಹೋರಿ ಸಾಕುವ ಹತ್ತಿರದ ಊರು ಮಾಸೂರಿನಲ್ಲಿ ಕೇಳಿದ ಮೊದಲನೆಯವನೇ ಹೇಳಿದ, ಅದು ಚೌಡಪ್ಪನ ಸರದಾರನದು, ಈ ಸಲ ಯಾರ ಕೈಗೂ ಸಿಗದ ಹೋರಿ.

ಚೌಡಪ್ಪನ ಅಂಗಳದಲ್ಲಿ ಗೂಟದ ಸುತ್ತ ನೆಲ ಗುಂಡಗೆ ಸವೆದಿತ್ತು. ಸರದಾರ ತಲೆ ಇಳಿಬಿಟ್ಟು ಬರಿಬಾಯಿ ಅಗಿಯುತ್ತ ನಿಂತಿತ್ತು. ಡಬ್ಬಿ ಹಿಂಡಿಯ ಬುಟ್ಟಿಯಲ್ಲೇ ಸಿಕ್ಕಿತು. ಚೌಡಪ್ಪ ಅಲ್ಲಗಳೆಯಲಿಲ್ಲ.

"ಹಬ್ಬ ಮುಗದು ಎರಡು ತಿಂಗಳಾತು. ಈಗ್ಯಾಕ ಕದ್ದಿ?"

"ಮೊದಲ ಒಂದೆರಡು ಗುಳಿಗಿ ತಿನಿಸಿದ್ರ ಓಡ್ತಿತ್ರಿ. ಆಮ್ಯಾಲ ಮುಷ್ಟಿಗಟ್ಟಲೆ ಬೇಕಾತು. ಹಬ್ಬ ಮುಗೀತು, ಬಿಡಿಸಿದೆ. ಅವತ್ತಿಂದ ಕರದ್ರ ಕಿವಿ ಎತ್ತವಲ್ದು. ಗೆಲ್ಲಾಕ ಅಲ್ರಿ ಸಾಹೇಬ್ರ. ಒಮ್ಮೆ ನನ್ನ ನೋಡ್ಲಿ ಅಂತ."

ಬೆಳಗಿನಿಂದ ಕುದಿಯುತ್ತಿದ್ದ ಅನಂತನ ಸಿಟ್ಟು ಅಲ್ಲಿಗೇ ಇಳಿಯಿತು. ಪಶುವೈದ್ಯ ಮಧ್ವೇಶರನ್ನು ಕರೆಸಿದ.

ಅವರು ಹೋರಿಯ ಕಣ್ಣು ನೋಡಿ ಹೇಳಿದರು: "ಮಿದುಳಿನ್ಯಾಗ ಡೋಪಮೈನ್ ಅಂತ ರಸ ಬಿಡೋ ನರಕೋಶ ಅದಾವ. ಹುರುಪು, ಆಸಿ ಎಲ್ಲಾ ಅದರಿಂದ. ಗುಳಿಗಿ ಅದನ್ನ ಒಮ್ಮಿಗೇ ಉಕ್ಕಿಸ್ತದ. ಮತ್ತ ಮತ್ತ ಉಕ್ಕಿಸಿದ್ರ ಕೋಶ ತಾವಾಗಿ ಮಿಡಿಯೂದು ಕಡಿಮಿ ಆಗ್ತದ. ಗುಳಿಗಿ ನೆನಪು ಮಾತ್ರ ಹೋಗೂದಿಲ್ಲ."

"ಮೊದಲಿನಂಗ ಆಗ್ತದೇನ್ರಿ?" ಚೌಡಪ್ಪ ಕೇಳಿದ.

"ಗುಳಿಗಿ ಪೂರಾ ಬಿಡಿಸಿ ತಿಂಗಳುಗಟ್ಟಲೆ ಕಾಯಬೇಕು. ಆದೀತು ಅಂತ ಹೇಳಾಕ ಬರೂದಿಲ್ಲ."

ಸಂಜೆ ಐದೂವರೆಗೆ ಬಂಧನ. ಜೀಪು ಹತ್ತುವ ಮುಂಚೆ ಚೌಡಪ್ಪ ತಿರುಗಿ ಕರೆದ. "ಸರದಾರಾ... ಬಾರೋ ಅಪ್ಪಾ." ಹೋರಿ ಅಲುಗಲಿಲ್ಲ.

ಗೋಣೆಪ್ಪ ಮುದ್ದೆಮಾಲೆಂದು ಡಬ್ಬಿ ಎತ್ತಿಕೊಂಡ. ಒಳಗೆ ಗುಳಿಗೆ ಗಲಗಲ ಅಂದವು.

ಸರದಾರ ಎರಡೂ ಕಿವಿ ಎತ್ತಿ, ಹಗ್ಗ ಜಗ್ಗಿ, ಗೋಣೆಪ್ಪನ ಕಡೆ ತಿರುಗಿತು.

ಚೌಡಪ್ಪ ಅದನ್ನು ನೋಡಿದ. ಆಮೇಲೆ ಯಾರೂ ಹೇಳದೆಯೇ ಜೀಪು ಹತ್ತಿ ಕುಳಿತ.