ಅಟ್ಟದ ಮೇಲಿನ ಹಡಗು

“ಅಲ್ಲೇ ಕೂತು ಓದ್ಕಳಿ ಮೇಷ್ಟ್ರೇ. ಕೆಳೀಕೆ ಮಾತ್ರ ತರಬ್ಯಾಡಿ.”

ಏಣಿಯ ಬುಡದಲ್ಲಿ ನಿಂತು ಗುರುಸಿದ್ದಮ್ಮ ಮೂರನೆಯ ಸಲ ಹೇಳಿದಳು. ಅಟ್ಟದ ಮೇಲೆ ತೆಂಗಿನಕಾಯಿ ರಾಶಿಯ ನಡುವೆ ಕೂತಿದ್ದ ತೋಂಟದಾರ್ಯ ನಕ್ಕ. ತಿಪಟೂರಿನಲ್ಲಿ ಇತಿಹಾಸದ ಮೇಷ್ಟ್ರಾಗಿ, ಈ ಮುದುಕಿಯ ಮನೆಗೆ ಬಾಡಿಗೆಗೆ ಬಂದು ಎರಡೇ ತಿಂಗಳು. ಓದಿದವನು ಬೇರೆ, ಕೇಳಬೇಕೆ! ಕೈಯಲ್ಲಿದ್ದ ಕಿರುಹೊತ್ತಿಗೆಗೆ ಸುತ್ತಿದ್ದ ಕರಿದಾರವನ್ನು ಆಗಲೇ ಬಿಚ್ಚಿ ಎಸೆದಿದ್ದ. ಚೀನಾದ ಹಾಯಿಹಡಗೊಂದು ಲಂಡನ್ನಿಗೆ ಹೋದ ಕತೆ, ಇಂಗ್ಲಿಷಿನಲ್ಲಿ. ನೂರು ವರ್ಷಕ್ಕೂ ಹಳೆಯದು, ಸಿಗುವುದೇ ಅಪರೂಪ. ಅಂಚಿನ ತುಂಬ ಯಾರೋ ಚೀನೀ ಅಕ್ಷರಗಳಲ್ಲಿ ಬರೆದಿದ್ದರು. ಆ ಕಂದು ಮಸಿ ಮಸಿಯಲ್ಲ, ರಕ್ತ ಎನ್ನುತ್ತಿದ್ದಳು ಮುದುಕಿ.

ಅವಳ ಮಾವ ಬೊಂಬಾಯಿಗೆ ಕೊಬ್ಬರಿ ಮಾರಲು ಹೋದಾಗ ತಂದದ್ದು. ಎಂಟೇ ತಿಂಗಳು ಎಂದು ನಂಬಿಸಿ ಆ ಹಡಗು ಹತ್ತಿಸಿದ ಚೀನೀ ನಾವಿಕರನ್ನು ಊರಿಗೆ ಕಳಿಸಲೇ ಇಲ್ಲವಂತೆ. ಅವರಲ್ಲೊಬ್ಬ ಮಾಟ ಬಲ್ಲವನು. ನಾವು ಮನೆ ಸೇರಲಿಲ್ಲ, ಇದು ಸೇರಿದ ಮನೆ ನೀರುಪಾಲಾಗಲಿ ಎಂದು ಬರೆದನಂತೆ. ಮಾವನ ಇಬ್ಬರು ತಮ್ಮಂದಿರು ಹಾಸಿಗೆಯಲ್ಲೇ ಉಪ್ಪುನೀರು ಕಾರಿ ಸತ್ತರು. ಕೊನೆಗೆ ಹುಳಿಯಾರು ಕಡೆಯ ಮಂತ್ರವಾದಿ ಹುಚ್ಚರಂಗಯ್ಯ ಬಂದು ಕರಿದಾರ ಸುತ್ತಿ ಅದನ್ನು ಅಟ್ಟದ ಕಾಯಿಗಳ ನಡುವೆ ಕಟ್ಟುಹಾಕಿದ.

“ಅದರ ನೀರು ಕಾಯೊಳೀಕೆ ಹೋಯ್ತದೆ, ಮನುಷ್ಯರ ತಂಟೆಗೆ ಬರಲ್ಲ. ಅದಕ್ಕೇ ಆ ಮೂಲೆ ಕಾಯಿ ವರ್ಷವಾದ್ರೂ ಕೊಬ್ಬರಿಯಾಗಲ್ಲ,” ಎನ್ನುತ್ತಾ ಅವಳು ಕೆಳಗೆ ಬಿದ್ದಿದ್ದ ಕಾಯಿಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಐವತ್ತು ವರ್ಷದಿಂದ ಕಾಯಿ ಆಲಿಸಿದ ಕಿವಿ. ಗಡಗಡ ಎಂದರೆ ನೀರು ಬತ್ತಿ ಕೊಬ್ಬರಿ ಚಿಪ್ಪು ಬಿಟ್ಟಿದೆ, ಕುಳುಕುಳು ಎಂದರೆ ಇನ್ನೂ ನೀರಿದೆ; ಅವಳ ಕಿವಿ ಯಾವತ್ತೂ ತಪ್ಪಿದ್ದಿಲ್ಲ.

“ಸಮುದ್ರ ತಿಪಟೂರಿಗೆ ಬರಬೇಕಾದ್ರೆ ಅರಸೀಕೆರೇಲಿ ರೈಲು ಬದಲಾಯಿಸಬೇಕು ಕಣಮ್ಮ!” ಎಂದ ತೋಂಟದಾರ್ಯ.

ಮುದುಕಿ ತೋಟಕ್ಕೆ ಹೋದದ್ದೇ ತಡ, ಹೊತ್ತಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಇಳಿದ. ಮಟಮಟ ಮಧ್ಯಾಹ್ನ. ಹೆಂಡತಿ ಸರ್ವಮಂಗಳ ಚಾಪೆಯ ಮೇಲೆ ಮಲಗಿದ್ದಳು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಬಸಿರು, ಏಳು ತಿಂಗಳು. ಹೊತ್ತಿಗೆಯಿಂದ ಹಡಗಿನ ಚಿತ್ರದ ಹಾಳೆ ಕಳಚಿಬಂತು. ಅದನ್ನು ಅವಳ ಕೈಗಿಟ್ಟ.

“ಮಗೂಗೆ ಹಡಗು.”

ಅವಳು ನಕ್ಕು ದಿಂಬಿನಡಿ ಇಟ್ಟುಕೊಂಡಳು. ಆ ನಗು ನೋಡಿ ಅವನ ಜೀವ ತಂಪಾಯಿತು.

ಪಕ್ಕದ ಕೋಣೆಯಲ್ಲಿ ಓದಲು ಕೂತ. ಮೊದಲು ಬಂದದ್ದು ವಾಸನೆ. ಕೊಳೆತ ಮೀನು, ನೆನೆದ ಹಗ್ಗ. ಕಿಟಕಿಯಾಚೆ ಬಿಸಿಲು ಹಾಗೇ ಇತ್ತು, ಕೋಣೆ ಮಾತ್ರ ಮಂಕಾಯಿತು. ಆಮೇಲೆ ಅಟ್ಟದ ಮೇಲೆ ಸದ್ದು. ಗಡಗಡ. ಒಂದು ಕಾಯಿ. ಹತ್ತು. ಸಾವಿರ. ಎಲ್ಲ ಕಾಯಿಗಳೂ ಒಟ್ಟಿಗೇ ಒಣಗಿ ಅಲ್ಲಾಡುತ್ತಿದ್ದವು.

ಹಾಗಾದರೆ ಅಷ್ಟೂ ನೀರು ಎಲ್ಲಿಗೆ ಹೋಯಿತು?

ಬಾಯಿ ಉಪ್ಪಾಯಿತು. ಕೆಮ್ಮಿದ. ಅಂಗೈ ತುಂಬ ನೀರು. ಉಸಿರೆಳೆದರೆ ನೀರು. ಕೂಗಿದರೂ ನೀರು. ಅಯ್ಯೋ ಶಿವನೇ! ಹೊತ್ತಿಗೆ ಹಿಡಿದು ಓಡಿದ. ಏಣಿ ಜಾರಿತು. ಮತ್ತೆ ಹತ್ತಿದ. ಕತ್ತಲಲ್ಲಿ ತಡವಿ ಕರಿದಾರ ಹುಡುಕಿದ. ಸುತ್ತಿದ. ಗಂಟು ಹಾಕಿದ. ಮೂಲೆಗೆ ತುರುಕಿದ.

ಸದ್ದು ನಿಂತಿತು.

ಗಾಳಿ ಒಳಗೆ ಬಂತು. ತೋಂಟದಾರ್ಯ ಅತ್ತೇಬಿಟ್ಟ. ಆ ಮೂಲೆಯ ಒಂದು ಕಾಯಿ ಎತ್ತಿ ಅಲ್ಲಾಡಿಸಿದ. ಕುಳುಕುಳು. ನೀರು ವಾಪಸು ಬಂದಿತ್ತು. ಇನ್ನೊಂದು. ಅದರಲ್ಲೂ ನೀರು. ಬದುಕಿದೆ ಎಂದುಕೊಂಡು ಮತ್ತೊಂದಕ್ಕೆ ಕೈ ಹಾಕಿದ.

ಗಡಗಡ.

ಒಂದೇ ಒಂದು ಕಾಯಿ. ಅದರ ನೀರು ಮಾತ್ರ ಬಂದಿರಲಿಲ್ಲ.

ಒಂದು ಹಾಳೆ ಕೆಳಗೇ ಉಳಿದಿತ್ತು.

ಏಣಿಯಿಂದ ಬಿದ್ದನೋ ಇಳಿದನೋ ಅವನಿಗೇ ಗೊತ್ತಿಲ್ಲ. ತೋಟದಿಂದ ಬಂದ ಗುರುಸಿದ್ದಮ್ಮ ಚಾಪೆಯ ಪಕ್ಕ ಮಂಡಿಯೂರಿದ್ದಳು. ದಿಂಬು ತೊಯ್ದು ತೊಟ್ಟಿಕ್ಕುತ್ತಿತ್ತು. ಸರ್ವಮಂಗಳ ಎದ್ದು ಕೂತಿದ್ದಳು. ಅವಳಿಗೇನೂ ಆಗಿರಲಿಲ್ಲ.

“ರೀ, ಮಗು ಒದೀತಾನೇ ಇಲ್ಲ,” ಎಂದಳು.

ಮುದುಕಿ ಅವಳ ಹೊಟ್ಟೆಗೆ ಎರಡೂ ಕೈ ಕೊಟ್ಟಳು. ಕಿವಿಯಿಟ್ಟಳು. ಮೆಲ್ಲಗೆ ಅಲ್ಲಾಡಿಸಿದಳು. ಮತ್ತೊಮ್ಮೆ ಅಲ್ಲಾಡಿಸಿದಳು. ಆಮೇಲೆ ತಲೆಯೆತ್ತಿ ತೋಂಟದಾರ್ಯನನ್ನು ನೋಡಿದಳು.

“ಬರೀ ನೀರು ಕಣಪ್ಪ.”